ಎರಡು ತ್ರಿಭುಜಗಳು ಸರ್ವಸಮವೆಂದು ನಿರ್ಣಯಿಸುವ ಬಗೆ

ಪಾಲು ವಿಭಾಗದಲ್ಲಿ ಅಣ್ಣನಿಗೊಂದು ಹೊಲ, ತಮ್ಮನಿಗೊಂದು ಹೊಲ ಬಂದಿವೆಯೆಂದು ಭಾವಿಸೋಣ. ಎರಡು ಹೊಲಗಳಿಗೂ ನಾಲ್ಕು ನಾಲ್ಕು ಬದುಗಳು. ಒಂದೊಂದು ಬದುವಿನ ಉದ್ದವೂ 33 ಅಡಿಯ ಸರಪಳಿಯಲ್ಲಿ ಸರಿಯಾಗಿ 5 ಸರಪಳಿ. ಊರಿನ ಹಿರಿಯರು ಬದುಗಳನ್ನು ಅಳೆದು ನೋಡಿ, “ಎರಡೂ ಸಮವಾಗಿವೆ, ತಕರಾರಿಗೆ ಎಡೆಯಿಲ್ಲ” ಎಂದು ತೀರ್ಪು ಕೊಟ್ಟರೆ ಅದು ನ್ಯಾಯವಾದ ತೀರ್ಪೇ?

ಲೆಕ್ಕ ಮಾಡಿ ನೋಡೋಣ. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ. ಅಂತಹ 40 ಗುಂಟೆ ಸೇರಿದರೆ ಒಂದು ಎಕರೆ. ಗುಂಟೆಯನ್ನು 16 ಆಣೆಗಳಾಗಿ ಭಾಗಿಸುವುದು ನಮ್ಮ ಕಡೆಯ ರೂಢಿ. ಅಣ್ಣನ ಹೊಲ ಚೌಕವಾಗಿದ್ದರೆ ಅದರ ವಿಸ್ತೀರ್ಣ 25 ಗುಂಟೆ. ತಮ್ಮನ ಹೊಲ ಒಂದು ಕಡೆಗೆ ವಾಲಿಕೊಂಡು, ಅದರ ಉದ್ದನೆಯ ಕರ್ಣ 8 ಸರಪಳಿಯಾಗಿದ್ದರೆ ಇನ್ನೊಂದು ಕರ್ಣ 6 ಸರಪಳಿಯಾಗಿ ವಿಸ್ತೀರ್ಣ 24 ಗುಂಟೆಗೆ ಇಳಿಯುತ್ತದೆ. ಇನ್ನಷ್ಟು ವಾಲಿ ಉದ್ದನೆಯ ಕರ್ಣ 9.6 ಸರಪಳಿಯಾದರೆ ಇನ್ನೊಂದು ಕೇವಲ 2.8 ಸರಪಳಿ, ಆಗ ವಿಸ್ತೀರ್ಣ ಸುಮಾರು 13 ಗುಂಟೆ 7 ಆಣೆ! ನಾಲ್ಕು ಬದುಗಳ ಅಳತೆಯಲ್ಲಿ ಒಂದು ಅಂಗುಲದ ವ್ಯತ್ಯಾಸವೂ ಇಲ್ಲ. ಆದರೆ ನೆಲದಲ್ಲಿ ಹನ್ನೊಂದೂವರೆ ಗುಂಟೆಯ ವ್ಯತ್ಯಾಸ. ಹಿರಿಯರು ಬದುಗಳ ಜೊತೆಗೆ ಒಂದೇ ಒಂದು ಕರ್ಣವನ್ನು ಅಳೆದಿದ್ದರೆ ಸಾಕಾಗಿತ್ತು. ಏಕೆಂದರೆ ಕರ್ಣವು ಹೊಲವನ್ನು ಎರಡು ತ್ರಿಭುಜಗಳಾಗಿ ಒಡೆಯುತ್ತದೆ. ಮೂರು ಬಾಹುಗಳು ತಿಳಿದ ತ್ರಿಭುಜಕ್ಕೆ ವಾಲಲು ಅವಕಾಶವೇ ಇಲ್ಲ.

ಭಾಸ್ಕರಾಚಾರ್ಯನು 1150ರ ಸುಮಾರಿಗೆ ರಚಿಸಿದ ‘ಲೀಲಾವತಿ’ಯಲ್ಲಿ ಈ ವಿಷಯವನ್ನು ಕಟುವಾಗಿಯೇ ಹೇಳಿದ್ದಾನೆ. ಲಂಬವನ್ನಾಗಲಿ ಕರ್ಣವನ್ನಾಗಲಿ ತಿಳಿಸದೆ ಚತುರ್ಭುಜದ ವಿಸ್ತೀರ್ಣವನ್ನು ಕೇಳುವವನನ್ನು ಅವನು ಪಿಶಾಚಿಗೆ ಹೋಲಿಸುತ್ತಾನೆ. ಅಂತಹ ಪ್ರಶ್ನೆಗೆ ಉತ್ತರ ಹೇಳಹೊರಡುವವನು ಇನ್ನೂ ದೊಡ್ಡ ಪಿಶಾಚಿ ಎನ್ನುತ್ತಾನೆ. ಕನ್ನಡದಲ್ಲಿಯೂ ಅದೇ 12ನೆಯ ಶತಮಾನದಲ್ಲಿ ರಾಜಾದಿತ್ಯನೆಂಬ ಜೈನ ಕವಿಯು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮುಂತಾದ ಗ್ರಂಥಗಳನ್ನು ರಚಿಸಿದನು. ನೆಲವನ್ನು ಅಳೆಯುವ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ.

ಆದುದರಿಂದ ಪ್ರೌಢಶಾಲೆಯ ರೇಖಾಗಣಿತದಲ್ಲಿ ‘ಎರಡು ತ್ರಿಭುಜಗಳು ಯಾವಾಗ ಸರ್ವಸಮ?’ ಎಂಬ ಪಾಠವು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆಯತಕ್ಕ ಪಾಠವಲ್ಲ. ಒಂದು ವಸ್ತುವನ್ನು ಸಂಪೂರ್ಣವಾಗಿ ಅರಿಯಲು ಎಷ್ಟು ತಿಳಿದರೆ ಸಾಕು, ಯಾವುದು ತಿಳಿದರೆ ಸಾಕು ಎಂಬ ವಿವೇಕವನ್ನು ಅದು ಕಲಿಸುತ್ತದೆ. ವಿದ್ಯಾರ್ಥಿಗಳು ಈ ಲೇಖನವನ್ನು ಓದುವಾಗ ಕೈಯಲ್ಲಿ ಅಳತೆಪಟ್ಟಿ, ಕೈವಾರ, ಕೋನಮಾಪಕಗಳನ್ನು ಇಟ್ಟುಕೊಂಡು ಚಿತ್ರಗಳನ್ನು ತಾವೇ ಬರೆಯುತ್ತಾ ಹೋಗಬೇಕೆಂದು ವಿನಂತಿ.

ಸರ್ವಸಮತೆ ಎಂದರೇನು?

ಪ್ರತಿ ತ್ರಿಭುಜಕ್ಕೂ ಮೂರು ಬಾಹುಗಳು, ಮೂರು ಕೋನಗಳು, ಒಟ್ಟು ಆರು ಅಂಗಗಳು. ಒಂದು ತ್ರಿಭುಜವನ್ನು ಕತ್ತರಿಸಿ ತೆಗೆದು, ಬೇಕಾದರೆ ಮಗುಚಿ, ಇನ್ನೊಂದರ ಮೇಲೆ ಇಟ್ಟಾಗ ಎಲ್ಲ ಅಂಗಗಳೂ ಒಂದಕ್ಕೊಂದು ಸರಿಯಾಗಿ ಹೊಂದಿಕೊಂಡರೆ ಅವೆರಡೂ ಸರ್ವಸಮ ತ್ರಿಭುಜಗಳು. ಆಕಾರವೂ ಒಂದೇ, ಗಾತ್ರವೂ ಒಂದೇ. ಆಕಾರ ಮಾತ್ರ ಒಂದೇ ಆಗಿದ್ದು ಗಾತ್ರ ಬೇರೆಯಾದರೆ ಅವು ಸಮರೂಪ ತ್ರಿಭುಜಗಳು.

ತ್ರಿಭುಜ ಅಬಕ ಮತ್ತು ತ್ರಿಭುಜ ತಪಮ ಸರ್ವಸಮ ಎಂದು ಬರೆದಾಗ ಅಕ್ಷರಗಳ ಅನುಕ್ರಮಕ್ಕೂ ಅರ್ಥವಿದೆ. ಅ ಶೃಂಗಕ್ಕೆ ತ, ಬ ಶೃಂಗಕ್ಕೆ ಪ, ಕ ಶೃಂಗಕ್ಕೆ ಮ ಜೊತೆಗಾರ ಎಂದು ಅದರ ಅರ್ಥ. ಹೀಗೆ ಜೊತೆಯಾದ ಅಂಗಗಳಿಗೆ ಅನುರೂಪ ಅಂಗಗಳೆಂದು ಹೆಸರು. ಈ ಅನುಕ್ರಮವನ್ನು ಲಕ್ಷಿಸದೆ ಬರೆಯುವುದರಿಂದಲೇ ಉತ್ತರಪತ್ರಿಕೆಗಳಲ್ಲಿ ಅರ್ಧದಷ್ಟು ತಪ್ಪುಗಳು ಹುಟ್ಟುತ್ತವೆ.

ಆರು ಅಂಗಗಳನ್ನೂ ಅಳೆದು ಸಮವೆಂದು ತೋರಿಸಿದರೆ ಸಂದೇಹವೇ ಉಳಿಯದು. ಆದರೆ ಅಷ್ಟು ಶ್ರಮ ಬೇಕೆ? ಒಂದೇ ಅಳತೆ ಸಾಲದು. 5 ಸೆಂಟಿಮೀಟರ್ ಬಾಹುವುಳ್ಳ ತ್ರಿಭುಜಗಳು ಲೆಕ್ಕವಿಲ್ಲದಷ್ಟಿವೆ. ಎರಡು ಅಳತೆಗಳೂ ಸಾಲವು. ಮೂರು ಅಳತೆಗಳನ್ನು ಆರಿಸಿಕೊಳ್ಳುವಲ್ಲಿ ಆರು ಬಗೆಗಳುಂಟು: ಮೂರು ಬಾಹುಗಳು, ಎರಡು ಬಾಹು ಮತ್ತು ಅವುಗಳ ನಡುವಣ ಕೋನ, ಎರಡು ಕೋನ ಮತ್ತು ಅವುಗಳ ನಡುವಣ ಬಾಹು, ಎರಡು ಕೋನ ಮತ್ತು ನಡುವೆ ಇಲ್ಲದ ಬಾಹು, ಎರಡು ಬಾಹು ಮತ್ತು ನಡುವೆ ಇಲ್ಲದ ಕೋನ, ಮೂರು ಕೋನಗಳು. ಇವುಗಳಲ್ಲಿ ಮೊದಲ ನಾಲ್ಕು ಸಾಕಾಗುತ್ತವೆ; ಐದನೆಯದು ಕೆಲವೊಮ್ಮೆ ಮಾತ್ರ ಸಾಕಾಗುತ್ತದೆ; ಆರನೆಯದು ಎಂದಿಗೂ ಸಾಕಾಗದು. ಕಾರಣಗಳನ್ನು ಒಂದೊಂದಾಗಿ ವಿಚಾರಿಸೋಣ.

ಸಾಕಾಗುವ ನಾಲ್ಕು ನಿಯಮಗಳು

ಮೊದಲನೆಯದು ಬಾಹು-ಕೋನ-ಬಾಹು, ಸಂಕ್ಷೇಪವಾಗಿ ಬಾ.ಕೋ.ಬಾ. ಒಂದು ಕೋನವನ್ನು ರಚಿಸಿ, ಅದರ ಒಂದು ಕಿರಣದ ಮೇಲೆ 6 ಸೆಂಟಿಮೀಟರನ್ನೂ ಇನ್ನೊಂದರ ಮೇಲೆ 4 ಸೆಂಟಿಮೀಟರನ್ನೂ ಗುರುತಿಸಿ. ಎರಡು ತುದಿಗಳೂ ನಿಶ್ಚಯವಾದವು. ಅವುಗಳನ್ನು ಸೇರಿಸುವ ಸರಳರೇಖೆ ಒಂದೇ. ಆದ್ದರಿಂದ ಮೂರನೆಯ ಬಾಹು ನಮ್ಮ ಇಚ್ಛೆಗೆ ಒಳಪಟ್ಟದ್ದಲ್ಲ. ಅದು ತಾನಾಗಿಯೇ ಗೊತ್ತಾಗಿಬಿಡುತ್ತದೆ.

ಎರಡನೆಯದು ಕೋನ-ಬಾಹು-ಕೋನ, ಕೋ.ಬಾ.ಕೋ. ಒಂದು ಪಾದವನ್ನು ಎಳೆದು, ಅದರ ಎರಡು ತುದಿಗಳಲ್ಲಿ ಕೊಟ್ಟ ಕೋನಗಳಂತೆ ಒಂದೇ ಪಕ್ಕಕ್ಕೆ ಎರಡು ಕಿರಣಗಳನ್ನು ಎಳೆದರೆ ಅವು ಒಂದೇ ಬಿಂದುವಿನಲ್ಲಿ ಸಂಧಿಸುತ್ತವೆ. ಆ ಬಿಂದುವೇ ಮೂರನೆಯ ಶೃಂಗ.

ಮೂರನೆಯದು ಕೋನ-ಕೋನ-ಬಾಹು, ಕೋ.ಕೋ.ಬಾ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿಯಾದುದರಿಂದ ಎರಡು ಕೋನಗಳು ತಿಳಿದರೆ ಮೂರನೆಯದೂ ತಿಳಿದಂತೆಯೇ. ಆಗ ಇದು ಕೋ.ಬಾ.ಕೋ. ಆಗಿ ಪರಿಣಮಿಸುತ್ತದೆ. ಆದರೆ ಒಂದು ಎಚ್ಚರಿಕೆ: ಸಮವಾದ ಬಾಹುವು ಎರಡು ತ್ರಿಭುಜಗಳಲ್ಲಿಯೂ ಸಮವಾದ ಕೋನಕ್ಕೇ ಎದುರಾಗಿರಬೇಕು.

ನಾಲ್ಕನೆಯದು ಬಾಹು-ಬಾಹು-ಬಾಹು, ಬಾ.ಬಾ.ಬಾ. ಪಾದವನ್ನು ಎಳೆದು ಎರಡು ತುದಿಗಳಿಂದ ಉಳಿದೆರಡು ಬಾಹುಗಳ ಅಳತೆಯ ಕಂಸಗಳನ್ನು ಎಳೆಯಿರಿ. ಕಂಸಗಳು ಪಾದದ ಮೇಲೊಮ್ಮೆ, ಕೆಳಗೊಮ್ಮೆ ಛೇದಿಸುತ್ತವೆ. ಹೀಗೆ ದೊರಕುವ ಎರಡು ತ್ರಿಭುಜಗಳು ಕನ್ನಡಿಯ ಬಿಂಬದಂತೆ ಒಂದರ ಮಗುಚು ಇನ್ನೊಂದು; ಆದುದರಿಂದ ಸರ್ವಸಮ. ಇದರ ಪ್ರತಿಫಲ ನಮ್ಮ ಕಣ್ಣೆದುರಿಗೇ ಇದೆ. ನಾಲ್ಕು ಪಟ್ಟಿಗಳನ್ನು ಮೊಳೆ ಹೊಡೆದು ಮಾಡಿದ ಚೌಕಟ್ಟು ಕೈಯಿಂದ ಒತ್ತಿದರೆ ವಾಲುತ್ತದೆ. ಮೂರು ಪಟ್ಟಿಗಳದು ಪಟ್ಟಿ ಮುರಿಯುವವರೆಗೂ ಅಲುಗದು. ತೋಟದ ಗೇಟಿಗೆ ಬಡಗಿಯು ಓರೆಯಾಗಿ ಒಂದು ಪಟ್ಟಿ ಜಡಿಯುವುದೂ, ಹೆಂಚಿನ ಮಾಡಿನ ಮರಗಳನ್ನು ತ್ರಿಕೋನಾಕಾರವಾಗಿ ಜೋಡಿಸುವುದೂ ಇದೇ ಕಾರಣಕ್ಕೆ.

ಗಾರೆ ಕೆಲಸದವರು ಮನೆಗೆ ಪಾಯ ಹಾಕುವಾಗ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ಓರೆಯ ಅಳತೆ 5 ಅಡಿ ಬರುವಂತೆ ದಾರವನ್ನು ಹೊಂದಿಸಿಕೊಳ್ಳುತ್ತಾರೆ. ಮೂಲೆ ಸರಿಯಾಗಿ 90 ಡಿಗ್ರಿ ನಿಲ್ಲುತ್ತದೆ. ಪೈಥಾಗೊರಸನ ಪ್ರಮೇಯದ ಪ್ರಕಾರ 3 ಮತ್ತು 4 ಲಂಬಬಾಹುಗಳಾದರೆ ವಿಕರ್ಣ 5. ಆದರೆ ಓರೆ 5 ಆದರೆ ಮೂಲೆ ಲಂಬವಾಗಿಯೇ ಇರಬೇಕೆಂದು ಯಾರು ಹೇಳಿದರು? ಬಾ.ಬಾ.ಬಾ. ನಿಯಮ ಹೇಳುತ್ತದೆ: 3, 4, 5 ಬಾಹುಗಳ ತ್ರಿಭುಜಗಳೆಲ್ಲ ಸರ್ವಸಮ, ಅವುಗಳಲ್ಲೊಂದು ಲಂಬಕೋನ ತ್ರಿಭುಜವೆಂದು ತಿಳಿದಿದೆ, ಆದ್ದರಿಂದ ಎಲ್ಲವೂ ಲಂಬಕೋನ ತ್ರಿಭುಜಗಳೇ. ಯೂಕ್ಲಿಡನು ತನ್ನ ಮೊದಲನೆಯ ಪುಸ್ತಕದ ಕೊನೆಯ ಪ್ರಮೇಯವನ್ನು ಸಾಧಿಸಿರುವುದೂ ಹೀಗೆಯೇ.

ಮೋಸಗೊಳಿಸುವ ಜೋಡಣೆಗಳು

ಮೂರು ಕೋನಗಳು ಸಾಲವೆಂಬುದಕ್ಕೆ ಹೆಚ್ಚು ವಿವರಣೆ ಬೇಡ. ಮೂಲೆಮಟ್ಟದ ಚಿಕ್ಕ ತ್ರಿಭುಜಕ್ಕೂ, ಕರಿಹಲಗೆಯ ಮೇಲೆ ಅದೇ ಕೋನಗಳಿಂದ ಬರೆದ ದೊಡ್ಡ ತ್ರಿಭುಜಕ್ಕೂ ಆಕಾರ ಒಂದೇ, ಗಾತ್ರ ಬೇರೆ. ಕೋನಗಳು ಆಕಾರವನ್ನು ತಿಳಿಸಬಲ್ಲವು. ಗಾತ್ರವನ್ನು ತಿಳಿಸಲು ಒಂದು ಉದ್ದವಾದರೂ ಬೇಕು.

ವಿದ್ಯಾರ್ಥಿಗಳನ್ನು ನಿಜವಾಗಿ ಎಡವಿಸುವುದು ಐದನೆಯ ಬಗೆ, ಅಂದರೆ ಎರಡು ಬಾಹು ಮತ್ತು ಅವುಗಳ ನಡುವೆ ಇಲ್ಲದ ಕೋನ. ಇದನ್ನು ಮಾಡಿಯೇ ನೋಡಬೇಕು. ಅ ಬಿಂದುವಿನಲ್ಲಿ 30 ಡಿಗ್ರಿಯ ಕೋನವನ್ನು ರಚಿಸಿ. ಒಂದು ಕಿರಣದ ಮೇಲೆ ಅಬ = 8 ಸೆಂಟಿಮೀಟರ್ ಗುರುತಿಸಿ. ಈಗ ಬ ಬಿಂದುವಿನಲ್ಲಿ ಕೈವಾರದ ಮುಳ್ಳನ್ನು ಊರಿ, 5 ಸೆಂಟಿಮೀಟರ್ ತ್ರಿಜ್ಯದಿಂದ ಕಂಸವನ್ನು ಎಳೆಯಿರಿ. ಅದು ಇನ್ನೊಂದು ಕಿರಣವನ್ನು ಒಂದಲ್ಲ, ಎರಡು ಬಿಂದುಗಳಲ್ಲಿ ಕತ್ತರಿಸುತ್ತದೆ. ಒಂದು ಬಿಂದು ಅ ದಿಂದ ಸುಮಾರು 3.93 ಸೆಂಟಿಮೀಟರ್ ದೂರ, ಇನ್ನೊಂದು ಸುಮಾರು 9.93 ಸೆಂಟಿಮೀಟರ್ ದೂರ. ಎರಡು ತ್ರಿಭುಜಗಳಲ್ಲಿಯೂ 30 ಡಿಗ್ರಿ ಕೋನವಿದೆ, 8 ಮತ್ತು 5 ಸೆಂಟಿಮೀಟರುಗಳ ಬಾಹುಗಳಿವೆ. ಆದರೆ ಒಂದು ಇನ್ನೊಂದರ ಒಳಗೇ ಅಡಗಿದೆ. ಇವು ಸರ್ವಸಮವೆಂದು ಹೇಳುವುದು ಹೇಗೆ?

ಇದರ ಮರ್ಮವನ್ನು ತಿಳಿಯೋಣ. ಬ ಬಿಂದುವಿನಿಂದ ಆ ಕಿರಣಕ್ಕೆ ಇಳಿಸಿದ ಲಂಬದ ಉದ್ದ 4 ಸೆಂಟಿಮೀಟರ್. ಕೈವಾರವನ್ನು 4ಕ್ಕಿಂತ ಕಡಿಮೆ ತೆರೆದರೆ ಕಂಸವು ಕಿರಣವನ್ನು ಮುಟ್ಟುವುದೇ ಇಲ್ಲ, ತ್ರಿಭುಜವೇ ಇಲ್ಲ. ಸರಿಯಾಗಿ 4 ತೆರೆದರೆ ಒಂದೇ ಬಿಂದುವಿನಲ್ಲಿ ಸ್ಪರ್ಶಿಸುತ್ತದೆ. ಒಂದೇ ತ್ರಿಭುಜ, ಅದೂ ಲಂಬಕೋನ ತ್ರಿಭುಜ. 4ಕ್ಕಿಂತ ಹೆಚ್ಚು, 8ಕ್ಕಿಂತ ಕಡಿಮೆ ತೆರೆದರೆ ಎರಡು ತ್ರಿಭುಜಗಳು. 8 ಅಥವಾ ಅದಕ್ಕಿಂತ ಹೆಚ್ಚು ತೆರೆದರೆ ಮತ್ತೆ ಒಂದೇ ತ್ರಿಭುಜ. ಕೋನಕ್ಕೆ ಎದುರಾದ ಬಾಹುವು ಇನ್ನೊಂದು ಬಾಹುವಿಗಿಂತ ಕಿರಿದಲ್ಲದಿದ್ದರೆ ಸಂದಿಗ್ಧವಿಲ್ಲ ಎಂಬುದು ಇದರ ಸಾರಾಂಶ.

ಕೊಟ್ಟ ಕೋನವು ಲಂಬಕೋನವೋ ವಿಶಾಲಕೋನವೋ ಆಗಿದ್ದರೆ ಅದಕ್ಕೆ ಎದುರಾದ ಬಾಹುವೇ ತ್ರಿಭುಜದ ಅತಿ ದೊಡ್ಡ ಬಾಹು. ಆದುದರಿಂದ ಆಗಲೂ ಸಂದಿಗ್ಧವಿಲ್ಲ. ಲಂಬಕೋನದ ಸಂದರ್ಭಕ್ಕೆ ಪಠ್ಯಪುಸ್ತಕವು ಪ್ರತ್ಯೇಕ ಹೆಸರನ್ನೇ ಕೊಟ್ಟಿದೆ: ಲಂಬಕೋನ-ವಿಕರ್ಣ-ಬಾಹು, ಲಂ.ವಿ.ಬಾ. ಹಲವರು ಇದನ್ನು ಯಾವ ಬಂಧುತ್ವವೂ ಇಲ್ಲದ ಬೇರೊಂದು ನಿಯಮವೆಂದು ಭಾವಿಸುತ್ತಾರೆ. ವಾಸ್ತವವಾಗಿ ಇದು ಐದನೆಯ ಬಗೆಯ ಸಂದಿಗ್ಧವು ಅಳಿದುಹೋಗುವ ಒಂದು ವಿಶೇಷ ಸಂದರ್ಭ.

ಇದರ ಸಾಧನೆಯೂ ಸುಂದರವಾಗಿದೆ. ಅಬಕ ತ್ರಿಭುಜದಲ್ಲಿ ಬ, ತಪಮ ತ್ರಿಭುಜದಲ್ಲಿ ಪ ಲಂಬಕೋನಗಳು; ಅಕ = ತಮ, ಅಬ = ತಪ ಎಂದು ದತ್ತವಾಗಿದೆ. ಎರಡನೆಯ ತ್ರಿಭುಜವನ್ನು ಎತ್ತಿ, ತಪ ಬಾಹುವು ಅಬ ಬಾಹುವಿನ ಮೇಲೆ ಕುಳಿತು, ಮ ಬಿಂದುವು ಕ ಇರುವ ಪಕ್ಕಕ್ಕೆ ವಿರುದ್ಧ ಪಕ್ಕದಲ್ಲಿ ಬೀಳುವಂತೆ ಇಡಿ. ಬ ಬಿಂದುವಿನಲ್ಲಿ ಎರಡು ಲಂಬಕೋನಗಳು ಕೂಡಿ 180 ಡಿಗ್ರಿಯಾದುದರಿಂದ ಕ, ಬ, ಮ ಒಂದೇ ಸರಳರೇಖೆಯಲ್ಲಿವೆ. ಈಗ ಅಕಮ ಒಂದು ದೊಡ್ಡ ತ್ರಿಭುಜ; ಅದರಲ್ಲಿ ಅಕ = ಅಮ. ಸಮದ್ವಿಬಾಹು ತ್ರಿಭುಜದ ಪಾದಕೋನಗಳು ಸಮ; ಆದ್ದರಿಂದ ಕ ಕೋನ = ಮ ಕೋನ. ಉಳಿದದ್ದು ಕೋ.ಕೋ.ಬಾ. ನಿಯಮದ ಕೆಲಸ.

ಐದು ಅಂಗಗಳು ಸಮವಾದರೂ ಸಾಲದು!

ಮೂರು ಅಳತೆಗಳು ಸಾಲದಿದ್ದರೆ ನಾಲ್ಕೋ ಐದೋ ಅಳತೆಗಳನ್ನು ಕೊಟ್ಟರೆ ಸರಿಹೋಗುವುದೆಂದು ತೋರಬಹುದು. ಆರರಲ್ಲಿ ಐದು ಅಂಗಗಳು ಸಮವಾದರೆ ಆರನೆಯದೂ ಸಮವಾಗಲೇಬೇಕಲ್ಲವೆ? ಆಶ್ಚರ್ಯದ ಸಂಗತಿಯೆಂದರೆ, ಆಗಬೇಕಾಗಿಲ್ಲ.

8, 12, 18 ಸೆಂಟಿಮೀಟರ್ ಬಾಹುಗಳ ಒಂದು ತ್ರಿಭುಜವನ್ನೂ, 12, 18, 27 ಸೆಂಟಿಮೀಟರ್ ಬಾಹುಗಳ ಇನ್ನೊಂದು ತ್ರಿಭುಜವನ್ನೂ ರಚಿಸಿ. ಎರಡನೆಯದರ ಪ್ರತಿಯೊಂದು ಬಾಹುವೂ ಮೊದಲನೆಯದರ ಬಾಹುವಿನ ಒಂದೂವರೆ ಪಟ್ಟು. ಆದುದರಿಂದ ತ್ರಿಭುಜಗಳು ಸಮರೂಪ; ಮೂರು ಕೋನಗಳೂ ಸಮ. ಅದರ ಮೇಲೆ 12 ಮತ್ತು 18 ಎಂಬ ಎರಡು ಬಾಹುಗಳು ಎರಡರಲ್ಲಿಯೂ ಇವೆ. ಒಟ್ಟು ಐದು ಅಂಗಗಳು ಸಮ. ಆದರೂ ಒಂದರ ವಿಸ್ತೀರ್ಣ ಇನ್ನೊಂದರ ಎರಡೂಕಾಲು ಪಟ್ಟು!

ದೋಷವೆಲ್ಲಿದೆ? 12 ಸೆಂಟಿಮೀಟರ್ ಬಾಹುವು ಮೊದಲನೆಯದರಲ್ಲಿ ನಡುವಣ ಕೋನಕ್ಕೆ ಎದುರಾಗಿದೆ. ಎರಡನೆಯದರಲ್ಲಿ ಅತಿ ಚಿಕ್ಕ ಕೋನಕ್ಕೆ ಎದುರಾಗಿದೆ. ಅಳತೆ ಸಮವಾದರೂ ಸ್ಥಾನ ಸಮವಲ್ಲ. ಅವು ಅನುರೂಪ ಬಾಹುಗಳಲ್ಲ. ಸರಿಯಾದ ಸ್ಥಾನದಲ್ಲಿರುವ ಮೂರು ಅಂಗಗಳು ಸಾಕು. ತಪ್ಪು ಸ್ಥಾನದಲ್ಲಿರುವ ಐದು ಅಂಗಗಳೂ ಸಾಲವು. ಸರ್ವಸಮತೆಯ ಪಾಠದಲ್ಲಿ ನೆನಪಿಡಬೇಕಾದ ಒಂದೇ ಮಾತನ್ನು ಆರಿಸಬೇಕಾದರೆ ಇದನ್ನೇ ಆರಿಸಬೇಕು. ಅಂಗಗಳ ಸಂಖ್ಯೆಗಿಂತ ಅವುಗಳ ಸಂಬಂಧವೇ ಮುಖ್ಯ.

ಮುಟ್ಟಲಾಗದ ದೂರವನ್ನು ಅಳೆಯುವುದು

ಸರ್ವಸಮತೆಯ ಪ್ರಯೋಜನವನ್ನು ನಮ್ಮ ಬುಕ್ಕಾಪಟ್ಟಣದ ಸುತ್ತಮುತ್ತಲೇ ಪರೀಕ್ಷಿಸಬಹುದು. ಕೆರೆಯ ಈ ದಡದಲ್ಲಿ ಅ ಎಂಬ ಮರ, ಆ ದಡದಲ್ಲಿ ಬ ಎಂಬ ಬಂಡೆ, ನಡುವೆ ನೀರು. ಹಗ್ಗ ಹಿಡಿದು ಅಳೆಯುವಂತಿಲ್ಲ. ಎರಡಕ್ಕೂ ನೆಲದ ಮೇಲೆ ನೇರವಾಗಿ ನಡೆದು ಹೋಗಬಹುದಾದ ಕ ಎಂಬ ಬಯಲು ಸ್ಥಳವನ್ನು ಆರಿಸಿ. ಅ ದಿಂದ ಕ ವರೆಗೆ ಅಳೆದು, ಅದೇ ನೇರದಲ್ಲಿ ಅಷ್ಟೇ ದೂರ ಮುಂದೆ ಹೋಗಿ ತ ಎಂಬಲ್ಲಿ ಗೂಟ ನೆಡಿ. ಬ ದಿಂದ ಕ ವರೆಗೆ ಅಳೆದು, ಹಾಗೆಯೇ ಮುಂದುವರಿದು ಪ ಎಂಬಲ್ಲಿ ಇನ್ನೊಂದು ಗೂಟ ನೆಡಿ. ಕ ಬಿಂದುವಿನಲ್ಲಿರುವ ಶೃಂಗಾಭಿಮುಖ ಕೋನಗಳು ಸಮ, ಬಾ.ಕೋ.ಬಾ. ಪ್ರಕಾರ ಎರಡು ತ್ರಿಭುಜಗಳು ಸರ್ವಸಮ. ಆದ್ದರಿಂದ ಒಣ ನೆಲದ ಮೇಲಿನ ತಪ ದೂರವೇ ನೀರಿನ ಮೇಲಿನ ಅಬ ದೂರ.

ಹಳ್ಳ ತುಂಬಿ ಹರಿಯುತ್ತಿದ್ದು ಆಚೆಯ ದಡಕ್ಕೆ ಹೋಗಲಾಗದಿದ್ದರೂ ಚಿಂತೆಯಿಲ್ಲ. ಆಚೆಯ ಒಂದು ಮರಕ್ಕೆ ನೇರ ಎದುರಾಗಿ ಈ ದಡದಲ್ಲಿ ನಿಂತು, ದಡದ ಗುಂಟ 20 ಹೆಜ್ಜೆ ನಡೆದು ಒಂದು ಕೋಲನ್ನು ನೆಡಿ. ಇನ್ನೂ 20 ಹೆಜ್ಜೆ ನಡೆದು, ಅಲ್ಲಿಂದ ದಡಕ್ಕೆ ಲಂಬವಾಗಿ ಹಳ್ಳಕ್ಕೆ ಬೆನ್ನು ಮಾಡಿ ಹೊಲದೊಳಕ್ಕೆ ನಡೆಯಿರಿ. ಆಗಾಗ ತಿರುಗಿ ನೋಡುತ್ತಿರಿ. ಕೋಲು ಮತ್ತು ಮರ ಒಂದೇ ನೇರದಲ್ಲಿ ಕಂಡಾಗ ನಿಲ್ಲಿ. ದಡದಿಂದ ನೀವು ನಡೆದ ದೂರವೇ ಹಳ್ಳದ ಅಗಲ. ಇದು ಕೋ.ಬಾ.ಕೋ. ನಿಯಮದ ಕೆಲಸ. ಕ್ರಿಸ್ತಪೂರ್ವ 6ನೆಯ ಶತಮಾನದ ಗ್ರೀಕ್ ಪಂಡಿತ ಥೇಲ್ಸನು ಕಡಲಿನಲ್ಲಿರುವ ಹಡಗಿನ ದೂರವನ್ನು ದಡದಿಂದಲೇ ನಿರ್ಣಯಿಸಲು ಈ ಬಗೆಯ ಪ್ರಮೇಯವನ್ನು ಬಳಸಿದನೆಂದು ಪ್ರಾಚೀನ ಲೇಖಕರು ಹೇಳಿದ್ದಾರೆ.

ಇದೇ ನಿಯಮ ಇಡೀ ದೇಶವನ್ನು ಅಳೆದ ಕಥೆಯೂ ನಮ್ಮ ನಾಡಿನಲ್ಲಿಯೇ ಆರಂಭವಾಯಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿಯು ದಕ್ಷಿಣ ಭಾರತವನ್ನು ತ್ರಿಭುಜಗಳ ಜಾಲದಿಂದ ಅಳೆಯುವ ಯೋಜನೆಯನ್ನು ಮುಂದಿಟ್ಟನು. 1800ರಲ್ಲಿ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅತ್ಯಂತ ಜಾಗರೂಕತೆಯಿಂದ ಅಳೆದನು. 1802ರಲ್ಲಿ ಮದ್ರಾಸಿನ ಬಳಿ ಇನ್ನೊಂದನ್ನು ಅಳೆದನು. ಆಧಾರರೇಖೆಯ ಎರಡು ತುದಿಗಳಿಂದ ದೂರದ ಒಂದು ಬೆಟ್ಟದ ಶಿಖರವನ್ನು ನೋಡಿ ಎರಡು ಕೋನಗಳನ್ನು ಅಳೆದರೆ ಕೋ.ಬಾ.ಕೋ. ಪ್ರಕಾರ ಆ ತ್ರಿಭುಜ ಒಂದೇ. ಅದರ ಉಳಿದೆರಡು ಬಾಹುಗಳನ್ನು ಲೆಕ್ಕದಿಂದಲೇ ಪಡೆಯಬಹುದು. ಹೀಗೆ ದೊರೆತ ಬಾಹುವೇ ಮುಂದಿನ ತ್ರಿಭುಜಕ್ಕೆ ಪಾದ. ಸರಪಳಿಯನ್ನು ಒಮ್ಮೆ ಹಾಸಿದರಾಯಿತು. ಮುಂದೆ ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ಅಳೆಯುತ್ತಾ ನೂರಾರು ಮೈಲಿ ಸಾಗಬಹುದು. ಬಹುದೂರ ಸಾಗಿದ ಮೇಲೆ ಒಂದು ಬಾಹುವನ್ನು ನೆಲದ ಮೇಲೆ ಮತ್ತೆ ಸರಪಳಿಯಿಂದ ಅಳೆದು, ಲೆಕ್ಕದ ಉತ್ತರದೊಡನೆ ತಾಳೆ ನೋಡುತ್ತಿದ್ದರು. ಕನ್ಯಾಕುಮಾರಿಯ ಕಡೆಯಿಂದ ಬೆಂಗಳೂರಿನ ಮೇಲೆ ಉತ್ತರಕ್ಕೆ ಹಾಯ್ದ ಆ ಮಹಾಚಾಪದ ನಿಲ್ದಾಣಗಳಲ್ಲಿ ನಮ್ಮ ನೆರೆಯ ಪಾವಗಡವೂ ಒಂದಾಗಿತ್ತು. ಇದೇ ತ್ರಿಭುಜಗಳ ಸಾಲು ಮುಂದೆ ಹಿಮಾಲಯದ ತಪ್ಪಲನ್ನು ಮುಟ್ಟಿ, ಎವರೆಸ್ಟ್ ಶಿಖರದ ಎತ್ತರ 29,002 ಅಡಿಯೆಂದು 1856ರಲ್ಲಿ ಪ್ರಕಟವಾಗಲು ಕಾರಣವಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ಭೂಮಿ ಚಪ್ಪಟೆಯಲ್ಲ, ಗೋಳ. ಗೋಳದ ಮೇಲೆ ಬರೆದ ತ್ರಿಭುಜದ ಕೋನಗಳ ಮೊತ್ತ 180 ಡಿಗ್ರಿಗಿಂತ ತುಸು ಹೆಚ್ಚು. ಭೂಮಿಯ ಮೇಲೆ ಸುಮಾರು 197 ಚದರ ಕಿಲೋಮೀಟರಿನ ತ್ರಿಭುಜಕ್ಕೆ ಒಂದು ಡಿಗ್ರಿಯ 3600ರಲ್ಲೊಂದು ಪಾಲಿನಷ್ಟು ಈ ಹೆಚ್ಚಳ ಬರುತ್ತದೆ. ಕಾಗದದ ಮೇಲೆ ಲೆಕ್ಕಕ್ಕೆ ಬಾರದ ಇಷ್ಟು ಸೂಕ್ಷ್ಮವನ್ನೂ ಮೋಜಣಿದಾರರು ಲೆಕ್ಕಕ್ಕೆ ಹಿಡಿಯಬೇಕಾಯಿತು. ಹೆಚ್ಚಳವು ವಿಸ್ತೀರ್ಣವನ್ನು ಅವಲಂಬಿಸಿರುವುದರಿಂದ ಒಂದೇ ಗೋಳದ ಮೇಲೆ ಮೂರು ಕೋನಗಳು ಸಮವಾದ ತ್ರಿಭುಜಗಳು ಸರ್ವಸಮವೇ ಆಗುತ್ತವೆ. ಚಪ್ಪಟೆ ಕಾಗದದ ಮೇಲೆ ಸೋತ ಕೋ.ಕೋ.ಕೋ. ಗೋಳದ ಮೇಲೆ ಗೆಲ್ಲುತ್ತದೆ!

ಇಂದು ಭೂಮಾಪನಕ್ಕೆ ಉಪಗ್ರಹಗಳ ನೆರವು ದೊರೆತಿದೆ. ಉಪಗ್ರಹಗಳಿಂದ ಬರುವ ಸಂಕೇತಗಳ ಮೂಲಕ ಹಲವು ದೂರಗಳನ್ನು ಕಂಡುಕೊಂಡು, ಆ ದೂರಗಳಿಂದಲೇ ನಿಂತ ಸ್ಥಳವನ್ನು ನಿರ್ಣಯಿಸುವ ಉಪಕರಣವು ಯಾವ ಕೋನವನ್ನೂ ಅಳೆಯುವುದಿಲ್ಲ. ದೂರಗಳು ಗೊತ್ತಾದರೆ ಸ್ಥಾನ ಗೊತ್ತಾಗುತ್ತದೆ ಎಂಬ ಬಾ.ಬಾ.ಬಾ. ನಿಯಮದ ತಿರುಳೇ ಅಲ್ಲಿಯೂ ಇದೆ.

ನಿಯಮಗಳಿಗೆ ಆಧಾರವೇನು?

ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಯೂಕ್ಲಿಡನು ತನ್ನ ಮೊದಲನೆಯ ಪುಸ್ತಕದ 4ನೆಯ ಪ್ರಮೇಯದಲ್ಲಿ ಬಾ.ಕೋ.ಬಾ., 8ನೆಯದರಲ್ಲಿ ಬಾ.ಬಾ.ಬಾ., 26ನೆಯದರಲ್ಲಿ ಕೋ.ಬಾ.ಕೋ. ಮತ್ತು ಕೋ.ಕೋ.ಬಾ. ನಿಯಮಗಳನ್ನು ಸಾಧಿಸಿದನು. ಆ ಗ್ರಂಥವನ್ನು 18ನೆಯ ಶತಮಾನದ ಮೊದಲ ಭಾಗದಲ್ಲಿ ಜಯಪುರದ ಸವಾಯಿ ಜಯಸಿಂಹನ ಆಸ್ಥಾನದ ಸಮ್ರಾಟ್ ಜಗನ್ನಾಥನು ಅರಬ್ಬಿ ಭಾಷೆಯ ಮೂಲಕ ಸಂಸ್ಕೃತಕ್ಕೆ ತಂದು ‘ರೇಖಾಗಣಿತ’ವೆಂದು ಹೆಸರಿಟ್ಟನು. ಬಾ.ಕೋ.ಬಾ. ನಿಯಮಕ್ಕೆ ಯೂಕ್ಲಿಡನು ಕೊಟ್ಟ ಸಾಧನೆ ಒಂದು ತ್ರಿಭುಜವನ್ನು ಎತ್ತಿ ಇನ್ನೊಂದರ ಮೇಲೆ ಇಡುವುದು. ಎತ್ತಿ ಇಡುವಾಗ ಆಕೃತಿ ಬದಲಾಗುವುದಿಲ್ಲವೆಂಬುದಕ್ಕೆ ಪ್ರಮಾಣವೇನೆಂದು ಮುಂದಿನವರು ಪ್ರಶ್ನಿಸಿದರು. 1899ರಲ್ಲಿ ಜರ್ಮನಿಯ ಡೇವಿಡ್ ಹಿಲ್ಬರ್ಟ್ ಈ ನಿಯಮದ ಸಾರವನ್ನೇ ಸ್ವಯಂಸಿದ್ಧವೆಂದು ಅಂಗೀಕರಿಸಿ, ಉಳಿದ ನಿಯಮಗಳನ್ನು ಅದರ ಮೇಲೆ ಕಟ್ಟಿದನು. ಅನೇಕ ಪಠ್ಯಪುಸ್ತಕಗಳಲ್ಲಿ ಬಾ.ಕೋ.ಬಾ. ಮಾತ್ರ ಸ್ವಯಂಸಿದ್ಧವಾಗಿ, ಮಿಕ್ಕವು ಪ್ರಮೇಯಗಳಾಗಿ ಬರುವುದರ ಹಿನ್ನೆಲೆ ಇದು.

ಸಾಧನೆ ಬರೆಯುವ ಕ್ರಮ

ಸರ್ವಸಮತೆಯ ಲೆಕ್ಕವನ್ನು ಬಿಡಿಸುವಾಗ ಮೊದಲು ಯಾವ ಎರಡು ತ್ರಿಭುಜಗಳನ್ನು ಹೋಲಿಸುತ್ತೇವೆಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಅನಂತರ ಮೂರು ಸಮತೆಗಳನ್ನು ಒಂದರ ಕೆಳಗೊಂದು ಬರೆದು, ಪ್ರತಿಯೊಂದಕ್ಕೂ ಕಾರಣವನ್ನು ಕೊಡಬೇಕು: ದತ್ತ, ಉಭಯಸಾಮಾನ್ಯ ಬಾಹು, ಶೃಂಗಾಭಿಮುಖ ಕೋನ, ಪರ್ಯಾಯ ಕೋನ ಇತ್ಯಾದಿ. ಬಳಿಕ ನಿಯಮದ ಹೆಸರು, ಕೊನೆಯಲ್ಲಿ ಅನುರೂಪ ಅಂಗಗಳ ಸಮತೆ. ಚಿತ್ರದಲ್ಲಿ ಸಮವಾಗಿ ಕಾಣುತ್ತದೆ ಎಂಬುದು ಕಾರಣವಲ್ಲ. ಕಣ್ಣು ಸಂಶಯಕ್ಕೆ ದಾರಿ ತೋರಬಹುದು. ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ.

ಅನುರೂಪತೆಯ ಶಕ್ತಿಗೆ ಒಂದು ನಿದರ್ಶನ. ಅಬ = ಅಕ ಇರುವ ಸಮದ್ವಿಬಾಹು ತ್ರಿಭುಜದ ಪಾದಕೋನಗಳು ಸಮವೆಂದು ತೋರಿಸಬೇಕು. 4ನೆಯ ಶತಮಾನದ ಪಪ್ಪಸ್ ಎಂಬ ವಿದ್ವಾಂಸನ ಸಾಧನೆಗೆ ಹೊಸ ಗೆರೆಯೊಂದೂ ಬೇಡ. ತ್ರಿಭುಜ ಅಬಕವನ್ನು ತ್ರಿಭುಜ ಅಕಬದೊಡನೆ, ಅಂದರೆ ಅದರ ಮಗುಚಿದ ರೂಪದೊಡನೆಯೇ ಹೋಲಿಸಿ. ಅಬ = ಅಕ; ಅಕ = ಅಬ; ಅ ಕೋನ ಎರಡಕ್ಕೂ ಸಾಮಾನ್ಯ. ಬಾ.ಕೋ.ಬಾ. ಪ್ರಕಾರ ಅವು ಸರ್ವಸಮ. ಆದ್ದರಿಂದ ಬ ಕೋನ = ಕ ಕೋನ. ಕೇವಲ ಅಕ್ಷರಗಳ ಅನುಕ್ರಮವನ್ನು ಬದಲಿಸಿದ್ದರಿಂದ ಸಾಧನೆ ಮುಗಿಯಿತು.

ಅಭ್ಯಾಸಕ್ಕಾಗಿ

1. ಅ ಕೋನ 50 ಡಿಗ್ರಿ, ಅಬ = 6 ಸೆಂಟಿಮೀಟರ್, ಬಕ = 7 ಸೆಂಟಿಮೀಟರ್ ಆದರೆ ಎಷ್ಟು ತ್ರಿಭುಜಗಳು ಸಾಧ್ಯ? ಬಕ = 5 ಸೆಂಟಿಮೀಟರ್ ಆದರೆ ಎಷ್ಟು? ರಚಿಸಿ ನೋಡಿ ಕಾರಣ ಬರೆಯಿರಿ.

2. ಸಮಾಂತರ ಚತುರ್ಭುಜದ ಕರ್ಣಗಳು ಪರಸ್ಪರ ಅರ್ಧಿಸುತ್ತವೆಂದು ಸಾಧಿಸಿರಿ. ಯಾವ ನಿಯಮ ಒದಗಿತು?

3. 27, 36, 48 ಬಾಹುಗಳ ತ್ರಿಭುಜದೊಡನೆ ಐದು ಅಂಗಗಳು ಸಮವಾಗಿದ್ದೂ ಸರ್ವಸಮವಲ್ಲದ ಇನ್ನೊಂದು ತ್ರಿಭುಜವನ್ನು ಕಂಡುಹಿಡಿಯಿರಿ. ಇದೇ ಬಗೆಯಲ್ಲಿ 5, 10, 20 ಬಾಹುಗಳಿಂದ ಆರಂಭಿಸಿದರೆ ಏಕೆ ಆಗದು?

4. ಶಾಲೆಯ ಆಟದ ಮೈದಾನದ ನಾಲ್ಕು ಬದಿಗಳನ್ನೂ ಒಂದು ಕರ್ಣವನ್ನೂ ಅಳೆದು, ಕಾಗದದ ಮೇಲೆ ನಕ್ಷೆಯನ್ನು ರಚಿಸಿರಿ. ಬಳಿಕ ನಕ್ಷೆಯಲ್ಲಿ ಎರಡನೆಯ ಕರ್ಣವನ್ನು ಅಳೆದು, ಮೈದಾನದಲ್ಲಿ ಹಗ್ಗ ಹಿಡಿದು ತಾಳೆ ನೋಡಿರಿ. ಎರಡೂ ಹೊಂದಿದರೆ ನಿಮ್ಮ ಅಳತೆ ಸರಿಯಿದೆ. ಹೊಂದದಿದ್ದರೆ ಐದು ಅಳತೆಗಳಲ್ಲಿ ಎಲ್ಲಿ ತಪ್ಪಿತೆಂದು ಹುಡುಕಿ ತಿದ್ದಿರಿ.